ಜೇಡಮಾನವನ ಜಗಳ ಯಾವ ಭಾಷೆಯಲ್ಲಿ?

ಗಡಿನಾಡ ಕನ್ನಡಿಗರು ಎಂದೊಡನೆ ನಮಗೆ ಮೊದಲು ನೆನಪಾಗುವುದು ನಮ್ಮದೇ ಚಂದ್ರಗಿರಿಯ ಸೀಮೆ. ಆದರೆ ಕನ್ನಡದ ಗಡಿ ಇಲ್ಲಿಗೇ ಮುಗಿಯುವುದಿಲ್ಲ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ಹೊಸೂರಿನಿಂದ ತಳಿ ದಾಟಿ ಮುಂದೆ ಹೋದರೆ, ಕಾಡಿನ ಅಂಚಿನಲ್ಲಿ ಜವಳಗಿರಿ ಎಂಬ ಊರು ಸಿಗುತ್ತದೆ. ಕಾಡಿನ ಆಚೆಗೆ ಕರ್ನಾಟಕ. ಬನ್ನೇರುಘಟ್ಟದ ಕಡೆಯಿಂದ ಬರುವ ಆನೆಗಳಿಗೆ ಆ ರಾಜ್ಯ, ಈ ರಾಜ್ಯ ಎಂಬ ಭೇದವಿಲ್ಲ. ರಾಗಿಯ ಹೊಲ ಎಲ್ಲಿದೆಯೋ ಅಲ್ಲಿಗೆ ಅವು ಬರುತ್ತವೆ. ಅಲ್ಲಿನ ಮಾತಿಗೂ ಅಂಥ ಭೇದವಿಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಓಡಾಡುವ ಸೀಮೆ ಅದು.

1956ರ ತನಕ ಹೊಸೂರೂ ಕಾಸರಗೋಡೂ ಮದರಾಸಿನ ಆಡಳಿತದಲ್ಲಿಯೇ ಇದ್ದವು. ಅದು ಸೇಲಂ ಜಿಲ್ಲೆಯಲ್ಲಿ, ಇದು ದಕ್ಷಿಣ ಕನ್ನಡದಲ್ಲಿ. ರಾಜ್ಯಗಳು ಮರುವಿಂಗಡಣೆಯಾದಾಗ ಅವರು ಮದರಾಸಿನಲ್ಲಿಯೇ ಉಳಿದರು. ನಾವು ಕೇರಳಕ್ಕೆ ಸೇರಿದೆವು. ಹಾಗೆ ನೋಡಿದರೆ ಜವಳಗಿರಿಯ ಕನ್ನಡ ಮನೆಗಳೂ ನಮ್ಮ ಮನೆಗಳೂ ಒಂದೇ ಪರೀಕ್ಷೆಗೆ ಬೇರೆ ಬೇರೆ ಕೊಠಡಿಯಲ್ಲಿ ಕುಳಿತ ವಿದ್ಯಾರ್ಥಿಗಳಂತೆ.

ಆ ಊರಿನ ಹೆಸರು ಹೊರಜಗತ್ತಿಗೆ ತಿಳಿದದ್ದು ಒಂದು ಹುಲಿಯಿಂದ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕದಲ್ಲಿ ಜವಳಗಿರಿಯ ನರಭಕ್ಷಕ ಹೆಣ್ಣುಹುಲಿಯ ಕಥೆಯೊಂದಿದೆ. ಆಂಡರ್ಸನ್ನನ ಬೇಟೆಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದರು. ಕನ್ನಡಿಗರು ಅವನ್ನು ಪರಭಾಷೆಯ ಸರಕೆಂದು ದೂರವಿಡಲಿಲ್ಲ, ತಮ್ಮದೇ ಕಾಡಿನ ಕಥೆಗಳೆಂದು ಓದಿದರು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಏಕೆಂದರೆ ಇಂದು ಇಲ್ಲಿ ಹೇಳಹೊರಟಿರುವುದೂ ಪರಭಾಷೆಯಿಂದ ಬಂದ ಒಬ್ಬ ವೀರನ ವಿಷಯ. ಆತ ಕೋವಿ ಹಿಡಿದವನಲ್ಲ, ಬಲೆ ಎಸೆಯುವವನು.

ಮುಂಬಟ್ಟನ್ನಿನ ಹುಡುಗ

2023ರ ಜೂನ್ 1ರಂದು 'ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್' ಎಂಬ ಅಮೆರಿಕದ ಅನಿಮೇಷನ್ ಚಿತ್ರ ಭಾರತದಲ್ಲಿ ತೆರೆಕಂಡಿತು. ಚಿತ್ರಪುಸ್ತಕಗಳಿಂದ ಹುಟ್ಟಿದ ಜೇಡಮಾನವನ ಕಥೆ ಅದು. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸೃಷ್ಟಿಸಿದ ಈ ವೀರನಿಗೆ ಅಲ್ಲಿಂದೀಚೆಗೆ ನೂರಾರು ಅವತಾರಗಳಾಗಿವೆ. ಈ ಚಿತ್ರದ ನಾಯಕ ಮೈಲ್ಸ್ ಮೊರಾಲಿಸ್ ಎಂಬ ಕಪ್ಪು ಹುಡುಗ. ಆತ ತನ್ನ ಲೋಕದಿಂದ ಬೇರೆ ಬೇರೆ ಲೋಕಗಳಿಗೆ ಹಾರುತ್ತಾನೆ. ಪ್ರತಿಯೊಂದು ಲೋಕದಲ್ಲಿಯೂ ಒಬ್ಬೊಬ್ಬ ಜೇಡಮಾನವ. ಅಂಥ ಒಂದು ಲೋಕದ ಹೆಸರು ಮುಂಬಟ್ಟನ್, ಅಂದರೆ ಮುಂಬಯಿಯೂ ಮ್ಯಾನ್‌ಹಟನ್ನೂ ಕೂಡಿದ ನಗರ. ಅಲ್ಲಿನ ಜೇಡಮಾನವ ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಹುಡುಗ.

ಈ ಪವಿತ್ರ್ ಚಿತ್ರಕ್ಕಾಗಿ ಹೊಸದಾಗಿ ಹುಟ್ಟಿದವನಲ್ಲ. 2004ರಲ್ಲಿ ಭಾರತದ ಓದುಗರಿಗೆಂದು ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಜೆ. ಕಾಂಗ್ ಎಂಬವರು ರೂಪಿಸಿದ 'ಸ್ಪೈಡರ್‌ಮ್ಯಾನ್: ಇಂಡಿಯಾ' ಎಂಬ ನಾಲ್ಕು ಸಂಚಿಕೆಗಳ ಚಿತ್ರಪುಸ್ತಕದಲ್ಲಿ ಆತ ಮೊದಲು ಕಾಣಿಸಿಕೊಂಡ. ಮೂಲದ ಪೀಟರ್ ಪಾರ್ಕರ್ ಇಲ್ಲಿ ಪವಿತ್ರ್ ಪ್ರಭಾಕರ್. ಮೇ ಎಂಬ ಚಿಕ್ಕಮ್ಮ ಇಲ್ಲಿ ಮಾಯಾ. ಬೆನ್ ಎಂಬ ಚಿಕ್ಕಪ್ಪ ಭೀಮ. ಮೇರಿ ಜೇನ್ ಎಂಬ ಗೆಳತಿ ಮೀರಾ ಜೈನ್. ಹಳ್ಳಿಯಿಂದ ವಿದ್ಯಾರ್ಥಿವೇತನದ ಬಲದಿಂದ ಮುಂಬಯಿಯ ಶಾಲೆಗೆ ಬಂದು, ಉಡುಗೆಯ ಕಾರಣದಿಂದ ಸಹಪಾಠಿಗಳ ಗೇಲಿಗೆ ಗುರಿಯಾಗುವ ಬಡ ಹುಡುಗ. ಆತನಿಗೆ ಬಲ ಬರುವುದು ಜೇಡದ ಕಡಿತದಿಂದಲ್ಲ, ಯೋಗಿಯೊಬ್ಬನ ಅನುಗ್ರಹದಿಂದ.

ಅಭಿಮಾನಿಗಳ ನಡುವಿನ ಮೊದಲ ಜಗಳ ಇಲ್ಲಿಯೇ. ಪುಸ್ತಕವನ್ನು ಓದಿದವರಿಗೆ ಚಿತ್ರದ ಪವಿತ್ರ್ ಒಪ್ಪಿಗೆಯಾಗಲಿಲ್ಲ. ಬಡತನ, ಅವಮಾನ, ಪಟ್ಟಣದಲ್ಲಿ ಹಳ್ಳಿಯವನ ಒಂಟಿತನ ಎಲ್ಲವೂ ಮಾಯವಾಗಿ, ಸೊಗಸಾದ ಕೂದಲನ್ನು ಹಾರಿಸುತ್ತ, ಎಲ್ಲವೂ ಸಲೀಸು ಎನ್ನುತ್ತ ಕುಣಿಯುವ ಹುಡುಗನಾಗಿ ಆತ ಬದಲಾದ ಎಂದು ಅವರ ಆಕ್ಷೇಪ. ಇನ್ನೊಂದು ಪಕ್ಷ ಹೇಳುವುದು ಬೇರೆ. ಭಾರತದವನೆಂದ ಮಾತ್ರಕ್ಕೆ ಯೋಗಿ, ಮಂತ್ರ, ರಾಕ್ಷಸ ಇವೇ ಏಕೆ ಬೇಕು? ನಮ್ಮ ಹುಡುಗನೂ ನಗುತ್ತ, ತಮಾಷೆ ಮಾಡುತ್ತ ವೀರನಾಗಬಾರದೇ? ಪರದೇಶದವರ ಕಣ್ಣಿಗೆ ನಾವು ಯಾವಾಗಲೂ ಬಡವರೂ ಮಂತ್ರವಾದಿಗಳೂ ಆಗಿಯೇ ಕಾಣಬೇಕೇ?

ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಗಡಿನಾಡಿನ ನಮಗೆ ಪುಸ್ತಕದ ಪವಿತ್ರ್ ಹೆಚ್ಚು ಹತ್ತಿರದವನು ಎಂದು ಈ ಲೇಖಕನ ಅಭಿಪ್ರಾಯ. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಆದಾಗ ತರಗತಿಯಲ್ಲಿ ಬಾಯಿ ತೆರೆಯಲು ಹಿಂಜರಿಯುವ ಮಗುವನ್ನು ನಾವು ಬಲ್ಲೆವು. ಅಂಥ ಮಗುವಿಗೆ ಬಲ ಬರುವ ಕಥೆ ಬೇಕೇ ಬೇಕು.

ಬರೆದಿಟ್ಟ ಕಥೆಯೋ, ಬದಲಿಸಬಹುದಾದ ಕಥೆಯೋ?

ಎರಡನೆಯ ಜಗಳ ಇನ್ನೂ ದೊಡ್ಡದು. ಚಿತ್ರದಲ್ಲಿ ಮಿಗೆಲ್ ಓಹಾರಾ ಎಂಬ ಹಿರಿಯ ಜೇಡಮಾನವನೊಬ್ಬನಿದ್ದಾನೆ. ಆತನ ಸಿದ್ಧಾಂತದ ಪ್ರಕಾರ ಪ್ರತಿಯೊಬ್ಬ ಜೇಡಮಾನವನ ಬಾಳಿನಲ್ಲಿಯೂ ಕೆಲವು ಘಟನೆಗಳು ನಡೆದೇ ತೀರಬೇಕು. ಅವುಗಳಲ್ಲಿ ಒಂದು, ಆತನಿಗೆ ಹತ್ತಿರವಾದ ಪೊಲೀಸ್ ಅಧಿಕಾರಿಯ ಸಾವು. ತಪ್ಪಿಸಿದರೆ ಆ ಲೋಕವೇ ಹರಿದುಹೋಗುತ್ತದೆ. ಮುಂಬಟ್ಟನ್ನಿನಲ್ಲಿ ಸಾಯಬೇಕಿದ್ದವರು ಪವಿತ್ರ್‌ನ ಗೆಳತಿ ಗಾಯತ್ರಿಯ ತಂದೆ ಇನ್ಸ್‌ಪೆಕ್ಟರ್ ಸಿಂಗ್. ಮೈಲ್ಸ್ ಅವರನ್ನು ಬದುಕಿಸುತ್ತಾನೆ. ನಗರದಲ್ಲಿ ಬಿರುಕು ಬೀಳುತ್ತದೆ. ಮುಂದೆ ತನ್ನ ತಂದೆಯ ಸರದಿಯೂ ಇದೆಯೆಂದು ತಿಳಿದಾಗ ಮೈಲ್ಸ್ ಆ ವಿಧಿಯನ್ನು ಒಪ್ಪದೆ ಓಡುತ್ತಾನೆ.

ಮಿಗೆಲ್ ಸರಿಯೋ, ಮೈಲ್ಸ್ ಸರಿಯೋ? ಅಭಿಮಾನಿಗಳು ಇಬ್ಭಾಗವಾದರು. ಒಬ್ಬನಿಗಾಗಿ ಲಕ್ಷಾಂತರ ಜನರನ್ನು ಬಲಿಕೊಡಬಹುದೇ ಎಂದು ಮಿಗೆಲ್‌ನ ಪಕ್ಷದವರು. ಆತ ಹೇಳುವ ವಿಧಿಗೆ ಆಧಾರವೇನು ಎಂದು ಮೈಲ್ಸ್‌ನ ಪಕ್ಷದವರು. ಮುಂಬಟ್ಟನ್ನಿನ ಬಿರುಕಿಗೆ ಕಾರಣ ಇನ್ಸ್‌ಪೆಕ್ಟರ್ ಬದುಕಿದ್ದೋ ಅಥವಾ ಖಳನಾಯಕ ಸ್ಪಾಟ್ ಅಲ್ಲಿ ನಡೆಸಿದ ಸ್ಫೋಟವೋ ಎಂದು ಅವರ ಪಾಟೀಸವಾಲು. ಗ್ವೆನ್ ಎಂಬ ಹುಡುಗಿಯ ತಂದೆ ಪೊಲೀಸ್ ಕೆಲಸವನ್ನೇ ಬಿಟ್ಟುಬಿಟ್ಟ ಮೇಲೆ ಅಲ್ಲಿ ವಿಧಿ ತಪ್ಪಿತಲ್ಲವೇ ಎಂದು ಇನ್ನೊಂದು ಸಾಕ್ಷ್ಯ. ಚಿತ್ರವಾದರೋ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದುದನ್ನು ಮುಂದಿನ ಭಾಗಕ್ಕೆ ಬಿಟ್ಟಿತು. ಜಗಳ ಬೆಳೆಯಲು ಇದಕ್ಕಿಂತ ಹೆಚ್ಚಿನದೇನು ಬೇಕು?

ಕಾರ್ಟೂನ್ ಚಿತ್ರಕ್ಕೆ ಇಷ್ಟೊಂದು ವಾದವೇ ಎಂದು ಹಿರಿಯರು ನಕ್ಕಾರು. ಆದರೆ ತಾಳಮದ್ದಳೆ ಕೇಳಿ ಬೆಳೆದ ಊರಿನವರು ಹಾಗೆ ನಗುವಂತಿಲ್ಲ. ವಾಲಿವಧೆಯ ಪ್ರಸಂಗದಲ್ಲಿ ವಾಲಿ ಸಾಯುತ್ತಾನೆಂಬುದು ಸಭೆಯ ಪ್ರತಿಯೊಬ್ಬನಿಗೂ ಗೊತ್ತು. ಅದನ್ನು ಯಾವ ಅರ್ಥಧಾರಿಯೂ ತಪ್ಪಿಸಲಾರ. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುವಾಗ, ರಾಮನ ಉತ್ತರಕ್ಕಾಗಿ ಸಭೆ ಕಿವಿ ನಿಮಿರಿಸಿ ಕೂರುತ್ತದೆ. ಕುಂಬಳೆ ಸೀಮೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಿದವರಿಗೆ, ಸೋತ ಪಾತ್ರವೂ ವಾದದಲ್ಲಿ ಗೆಲ್ಲಬಹುದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟ ಮುಗಿದ ಮರುದಿನ ಚಾದ ಅಂಗಡಿಯಲ್ಲಿ ಆ ವಾದ ಮುಂದುವರಿಯುತ್ತಿತ್ತು. ನಮ್ಮ ಹಿರಿಯರಲ್ಲಿ ಅನೇಕರು ವಾದಿಸುವ ಕನ್ನಡವನ್ನು ಕಲಿತದ್ದು ಅಂಥ ಕಡೆಗಳಲ್ಲಿಯೇ ಹೊರತು ಬರಿಯ ಪಠ್ಯಪುಸ್ತಕದಿಂದಲ್ಲ.

ಇಂದಿನ ಮಕ್ಕಳ ವಾಲಿ ಮತ್ತು ರಾಮ, ಈ ಮೈಲ್ಸ್ ಮತ್ತು ಮಿಗೆಲ್. ಹಾಗಾದರೆ ಅವರ ವಾದ ಯಾವ ಭಾಷೆಯಲ್ಲಿ ನಡೆಯುತ್ತಿದೆ? ನಮಗೆ ಮುಖ್ಯವಾದ ಪ್ರಶ್ನೆ ಇದು.

ಡೆಂಕಾಲಿಯಿಂದ ಪಂಕಿಲ ಕಾಡಿಗೆ

ವಿದೇಶದ ಚಿತ್ರವೀರ ಕನ್ನಡ ಮಾತಾಡಿದ್ದು ಇದೇ ಮೊದಲಲ್ಲ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ಇಂಗ್ಲಿಷ್, ಹಿಂದಿಗಳಲ್ಲದೆ ಕನ್ನಡ, ಮಲಯಾಳ, ತಮಿಳು ಮೊದಲಾದ ಭಾಷೆಗಳಲ್ಲಿಯೂ ಬಂದಿತ್ತು. ಅದರ ಮುಖ್ಯ ವೀರ ಫ್ಯಾಂಟಮ್. ಮೂಲದಲ್ಲಿ ಫ್ಯಾಂಟಮ್ ನೆಲೆಸಿದ ದೇಶದ ಹೆಸರು ಬಂಗಾಳವನ್ನು ನೆನಪಿಸುವಂತಿತ್ತು. ಭಾರತದ ಓದುಗರಿಗೆ ಗೊಂದಲವಾಗದಿರಲೆಂದು ಅದನ್ನು ಡೆಂಕಾಲಿ ಎಂದು ಬದಲಿಸಿದರು. ಖಳನ ರಾಮ ಎಂಬ ಹೆಸರನ್ನು ರಾಮಾಲು ಎಂದು ತಿದ್ದಿದರು. ಮೂಲಕ್ಕೆ ಅಪಚಾರವಾಯಿತೆಂದು ನಮ್ಮ ಮಕ್ಕಳು ಪುಸ್ತಕವನ್ನು ಬಿಸಾಡಲಿಲ್ಲ. ಜವಳಗಿರಿಯ ತಾಲೂಕು ಕೇಂದ್ರ ಡೆಂಕಣಿಕೋಟೆ ಎಂಬುದನ್ನು ನೆನೆದರೆ, ಡೆಂಕಾಲಿಯ ಕಾಡು ಅಲ್ಲೇ ಹತ್ತಿರದಲ್ಲೆಲ್ಲೋ ಇರಬೇಕೆಂದು ಅಲ್ಲಿನ ಮಗುವಿಗೆ ಅನ್ನಿಸಿದ್ದರೂ ಆಶ್ಚರ್ಯವಿಲ್ಲ!

ಇಂದ್ರಜಾಲ 1990ರಲ್ಲಿ ನಿಂತುಹೋಯಿತು. ಆದರೆ ಅಲ್ಲಿಗೆ ಅದರ ಬಾಳು ಮುಗಿಯಲಿಲ್ಲ. ಮುಂಬಟ್ಟನ್ ನಗರದ ಬಣ್ಣ, ಗೆರೆ, ವಿನ್ಯಾಸಗಳಿಗೆ ಚಿತ್ರದ ಕಲಾವಿದರು ಮಾದರಿಯಾಗಿ ಆರಿಸಿಕೊಂಡದ್ದು 1970ರ ದಶಕದ ಇದೇ ಇಂದ್ರಜಾಲ ಕಾಮಿಕ್ಸನ್ನು. ನಮ್ಮ ಪೀಳಿಗೆಯವರು ಬಾಡಿಗೆಗೆ ತಂದು ಓದಿ, ಅಪ್ಪನಿಂದ ಬೈಸಿಕೊಂಡ ಪುಸ್ತಕ ಅಮೆರಿಕದ ಚಿತ್ರದ ಮೂಲಕ ಮೊಮ್ಮಕ್ಕಳ ಕಣ್ಣಿಗೆ ಬಿತ್ತು. ಆ ಇಂದ್ರಜಾಲದಲ್ಲಿ ಕೆಲಸ ಮಾಡಿದವರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರೂ ಒಬ್ಬರು. ಮುಂದೆ ಅಮರ ಚಿತ್ರ ಕಥೆಯ ಸಂಪಾದಕರಾಗಿ ದೇಶದ ಮಕ್ಕಳಿಗೆಲ್ಲ ಅವರು ಚಿರಪರಿಚಿತರಾದರು. ಅಮರ ಚಿತ್ರ ಕಥೆಯ ಹೆಸರಿನಲ್ಲಿ ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಬಂದದ್ದು ಕನ್ನಡದಲ್ಲಿ, ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ. ಅವೂ ಪಾಶ್ಚಾತ್ಯ ಮಕ್ಕಳ ಕಥೆಗಳ ಅನುವಾದಗಳೇ. ಅನಂತ ಪೈಯವರ 'ಕೃಷ್ಣ' ಹನ್ನೊಂದನೆಯ ಸಂಖ್ಯೆಯಾಗಿ ಬಂದುದರ ಗುಟ್ಟು ಇದೇ.

ನಮ್ಮ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತಲೂ ಹತ್ತಿರದ ಉದಾಹರಣೆ ಡಿಂಗ. 1983ರಲ್ಲಿ ಮಲಯಾಳದ ಬಾಲಮಂಗಳಂ ಪತ್ರಿಕೆಯಲ್ಲಿ ಡಿಂಕನ್ ಎಂಬ ಇಲಿವೀರ ಹುಟ್ಟಿದ. ಪಂಕಿಲ ಕಾಡಿನ ತುಂಟ ಇಲಿಮರಿಯನ್ನು ಅನ್ಯಗ್ರಹದವರು ಹಿಡಿದೊಯ್ದು ಪ್ರಯೋಗ ಮಾಡಿದ್ದರಿಂದ ಅದಕ್ಕೆ ಅಪಾರ ಬಲ ಬಂತೆಂದು ಕಥೆ. ಅದೇ ಇಲಿ ಕನ್ನಡದ ಬಾಲಮಂಗಳದಲ್ಲಿ ಡಿಂಗನಾಯಿತು. ಕಾಸರಗೋಡಿನಲ್ಲಿ ಒಂದು ಮನೆಯ ಮಗುವಿಗೆ ಆತ ಡಿಂಕನ್, ಪಕ್ಕದ ಮನೆಯ ಮಗುವಿಗೆ ಡಿಂಗ. ಇಬ್ಬರಿಗೂ ಆತ ತಮ್ಮವನೇ. ಡಿಂಗ ಮಲಯಾಳದಿಂದ ಬಂದವನೆಂದು ಕನ್ನಡಕ್ಕೆ ಕೇಡಾಗಲಿಲ್ಲ. ಅಕ್ಷರ ಕೂಡಿಸಿ ಓದಲು ಕಲಿತ ಎಷ್ಟೋ ಮಕ್ಕಳು ಮುಂದಿನ ಸಂಚಿಕೆಗಾಗಿ ಕಾದರು. ಆ ಬಗೆಯ ಕಾಯುವಿಕೆಯನ್ನು ಯಾವ ಪಠ್ಯಪುಸ್ತಕವೂ ಹುಟ್ಟಿಸಲಾರದು.

ಡಬ್ಬಿಂಗ್ ಎಂಬ ಹಳೆಯ ವ್ಯಾಜ್ಯ

ಪುಸ್ತಕಕ್ಕೆ ಇಲ್ಲದ ತಡೆ ಸಿನಿಮಾಕ್ಕೆ ಏಕೆ ಬಂತು? 1960ರ ದಶಕದಲ್ಲಿ ಪರಭಾಷಾ ಚಿತ್ರಗಳಿಗೆ ಕನ್ನಡ ಧ್ವನಿ ಜೋಡಿಸಿ ಬಿಡುಗಡೆ ಮಾಡುವ ಪದ್ಧತಿಯ ವಿರುದ್ಧ ಚಳವಳಿ ನಡೆಯಿತು. ಅ.ನ. ಕೃಷ್ಣರಾಯರಂಥ ಸಾಹಿತಿಗಳೂ ನಟ ರಾಜಕುಮಾರರೂ ಅದರಲ್ಲಿ ನಿಂತರು. ಆಗಿನ ಸ್ಥಿತಿಯಲ್ಲಿ ಅದಕ್ಕೆ ಕಾರಣವಿತ್ತು. ಕನ್ನಡ ಚಿತ್ರೋದ್ಯಮ ಬಡವಾಗಿತ್ತು, ಬಹುಪಾಲು ಮದರಾಸಿನ ಆಶ್ರಯದಲ್ಲಿತ್ತು. ಅಗ್ಗದ ಡಬ್ಬಿಂಗ್ ಚಿತ್ರಗಳು ನುಗ್ಗಿದರೆ ನಮ್ಮ ಕಲಾವಿದರೂ ತಂತ್ರಜ್ಞರೂ ಉಳಿಯುವುದು ಕಷ್ಟವಿತ್ತು. ಅಂದಿನವರ ಶ್ರಮದಿಂದ ಕನ್ನಡ ಚಿತ್ರರಂಗ ಬೆಳೆಯಿತು ಎಂಬುದನ್ನು ಮರೆಯಬಾರದು.

ಆದರೆ ಕಾನೂನಿನಲ್ಲಿ ಎಲ್ಲಿಯೂ ಇಲ್ಲದ ಆ ತಡೆ ದಶಕಗಳ ಕಾಲ ಮುಂದುವರಿಯಿತು. 2012ರಲ್ಲಿ ಆಮಿರ್ ಖಾನರ 'ಸತ್ಯಮೇವ ಜಯತೆ' ದೂರದರ್ಶನ ಮಾಲಿಕೆ ಹಲವು ಭಾರತೀಯ ಭಾಷೆಗಳಲ್ಲಿ ಬಂದಾಗಲೂ ಕನ್ನಡದಲ್ಲಿ ಬರಲಿಲ್ಲ. ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2015ರ ಜುಲೈಯಲ್ಲಿ ಆಯೋಗ, ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು ಹೇಳಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಕೆಲವು ಸಂಸ್ಥೆಗಳಿಗೆ ದಂಡ ವಿಧಿಸಿತು. 2017ರ ಮಾರ್ಚಿನಲ್ಲಿ ತಮಿಳಿನ 'ಎನ್ನೈ ಅರಿಂದಾಲ್' ಚಿತ್ರ 'ಸತ್ಯದೇವ್ ಐಪಿಎಸ್' ಎಂಬ ಹೆಸರಿನಲ್ಲಿ ಕನ್ನಡವಾಡಿತು. ಪ್ರತಿಭಟನೆಗಳೂ ನಡೆದವು. ಬಳಿಕ ಹಾದಿ ಸುಗಮವಾಗುತ್ತ ಬಂದು, 2022ರಲ್ಲಿ ಹಾಲಿವುಡ್ಡಿನ ದೊಡ್ಡ ಚಿತ್ರಗಳೂ ಕನ್ನಡಕ್ಕೆ ಬಂದವು. ಮರುವರ್ಷ ಈ ಜೇಡಮಾನವನ ಚಿತ್ರ ಭಾರತದಲ್ಲಿ ಒಟ್ಟು ಹತ್ತು ಭಾಷೆಗಳಲ್ಲಿ ಬಂದಾಗ ಅವುಗಳಲ್ಲಿ ಕನ್ನಡವೂ ಒಂದಾಗಿತ್ತು; ತಮಿಳು, ತೆಲುಗು, ಮಲಯಾಳಗಳೂ ಇದ್ದವು. ಹಿಂದಿ ಮತ್ತು ಪಂಜಾಬಿಯಲ್ಲಿ ಪವಿತ್ರ್‌ನಿಗೆ ಧ್ವನಿ ಕೊಟ್ಟವರು ಕ್ರಿಕೆಟ್ ಆಟಗಾರ ಶುಭಮನ್ ಗಿಲ್.

ಬೆಂಗಳೂರಿನಲ್ಲಿ ಕುಳಿತು ನೋಡಿದರೆ ಡಬ್ಬಿಂಗ್ ಎಂಬುದು ಉದ್ಯಮದ ಪ್ರಶ್ನೆ. ಗಡಿಯಿಂದ ನೋಡಿದರೆ ಅದು ಬೇರೆಯೇ ಪ್ರಶ್ನೆ. ಕನ್ನಡದಲ್ಲಿ ಸಿಗದ ಕಾರ್ಟೂನನ್ನು ಜವಳಗಿರಿಯ ಮಗು ನೋಡದೆ ಬಿಡುವುದಿಲ್ಲ, ತಮಿಳಿನಲ್ಲಿ ನೋಡುತ್ತದೆ. ನಮ್ಮ ಮಗು ಮಲಯಾಳದಲ್ಲಿ ನೋಡುತ್ತದೆ. ಮಕ್ಕಳಿಗೆಂದೇ ತಮಿಳಿನಲ್ಲಿ ಚುಟ್ಟಿ ಟಿ.ವಿ. ಬಂದದ್ದು 2007ರಲ್ಲಿ, ಕನ್ನಡದ ಚಿಂಟು ಟಿ.ವಿ. 2009ರಲ್ಲಿ, ಮಲಯಾಳದ ಕೊಚ್ಚು ಟಿ.ವಿ. 2011ರಲ್ಲಿ. ಗಡಿಯ ಮನೆಯಲ್ಲಿ ಈ ಚಾನೆಲುಗಳ ನಡುವೆ ಒಂದು ಗುಂಡಿ ಒತ್ತುವಷ್ಟೇ ದೂರ. ಕನ್ನಡದ ಬಾಗಿಲು ಮುಚ್ಚಿದ್ದರೆ ಮಗು ಹೊರಗೆ ನಿಂತು ಕಾಯುವುದಿಲ್ಲ, ತೆರೆದಿರುವ ಇನ್ನೊಂದು ಬಾಗಿಲಿನಿಂದ ಒಳಗೆ ಹೋಗುತ್ತದೆ.

ತಮಿಳಾಗಲಿ ಮಲಯಾಳವಾಗಲಿ ಬೇಡವೆಂದು ಇದರ ಅರ್ಥವಲ್ಲ. ನೆರೆಯ ಭಾಷೆ ಬಲ್ಲ ಮಗು ಬುದ್ಧಿವಂತ ಮಗು. ಶಾಲೆಯಲ್ಲಿ ಅದನ್ನು ಹೇಗೂ ಕಲಿಯಬೇಕು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯಿದೆ, ಕೇರಳದಲ್ಲಿ 2017ರ ಮಲಯಾಳ ಕಲಿಕೆ ಕಾಯಿದೆ ಇವೆ. ಆದರೆ ಆಟದ ಹೊತ್ತಿಗೆ ಯಾವ ಸರಕಾರದ ಕಾಯಿದೆಯೂ ಇಲ್ಲ. ಅಲ್ಲಿ ಕನ್ನಡ ಇದ್ದರೆ ನಮ್ಮಿಂದ, ಇಲ್ಲದಿದ್ದರೂ ನಮ್ಮಿಂದಲೇ.

ಗೊಂಬೆಯ ಮಾತೃಭಾಷೆ

ಡಬ್ಬಿಂಗಿಗೆ ಇರುವ ಆಕ್ಷೇಪಗಳಲ್ಲಿ ಒಂದು, ತುಟಿಗೂ ಮಾತಿಗೂ ಹೊಂದಿಕೆಯಾಗುವುದಿಲ್ಲ ಎಂಬುದು. ನಟನೊಬ್ಬನ ಮುಖಕ್ಕೆ ಇನ್ನೊಬ್ಬನ ದನಿ ಜೋಡಿಸಿದರೆ ಏನೋ ಕೊರತೆ ಕಾಣುವುದು ನಿಜ. ಆದರೆ ಅನಿಮೇಷನ್ ಚಿತ್ರದಲ್ಲಿ ನಟನೆಲ್ಲಿದ್ದಾನೆ? ಬರೆದ ಗೊಂಬೆಗೆ ಮಾತೃಭಾಷೆಯಿಲ್ಲ. ಇಂಗ್ಲಿಷಿನಲ್ಲಿ ಕೂಡ ಯಾರೋ ಒಬ್ಬರು ಧ್ವನಿಕೊಠಡಿಯಲ್ಲಿ ನಿಂತು ಮಾತಾಡಿದ್ದನ್ನೇ ಅದರ ಬಾಯಿಗೆ ಇಟ್ಟದ್ದು. ನಮ್ಮ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟವನ್ನು ನೋಡಿದವರಿಗೆ ಇದು ಹೊಸದೇ? ಸೂತ್ರದ ಬೊಂಬೆ ಕುಣಿಯುತ್ತದೆ, ಮರೆಯಿಂದ ಅರ್ಥ ಬರುತ್ತದೆ. ಮಾತಾಡಿದ್ದು ಬೊಂಬೆಯೇ ಎಂದು ಮಗು ನಂಬುತ್ತದೆ. ಹೀಗಿರುವಾಗ ಕಾರ್ಟೂನಿಗೆ ಕನ್ನಡ ಬಂದರೆ ಕನ್ನಡ ನಟನ ಅನ್ನ ಹೋಗುವುದಿಲ್ಲ, ಕನ್ನಡದ ಧ್ವನಿ ಕಲಾವಿದನಿಗೂ ಸಂಭಾಷಣೆ ಬರೆಯುವವನಿಗೂ ಒಂದು ಕೆಲಸ ಸಿಗುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಡಬ್ಬಿಂಗ್ ಕನ್ನಡ ಎಷ್ಟೋ ವೇಳೆ ಕನ್ನಡದಂತೆ ಕೇಳಿಸುವುದಿಲ್ಲ. ಇಂಗ್ಲಿಷ್ ವಾಕ್ಯಕ್ಕೆ ಕನ್ನಡದ ಅಂಗಿ ತೊಡಿಸಿದಂತಿರುತ್ತದೆ. ಈ ಚಿತ್ರದಲ್ಲಿಯೇ ಒಂದು ತಮಾಷೆಯಿದೆ. ಮೈಲ್ಸ್ 'ಚಾಯ್ ಟೀ' ಎಂದಾಗ ಪವಿತ್ರ್ ಕೆರಳುತ್ತಾನೆ: ಚಾಯ್ ಎಂದರೇ ಟೀ, ಎರಡೆರಡು ಸಲ ಏಕೆ ಹೇಳುತ್ತೀ ಎಂದು. ಇದನ್ನು ಕನ್ನಡಕ್ಕೆ ತರುವುದು ಹೇಗೆ? ನಮ್ಮ ಕಡೆ ಕುಡಿಯುವುದು ಚಾ, ಹೊಸೂರಿನ ಕಡೆ ಟೀ. ಗೇಟುಬಾಗಿಲು, ನಡುಮಧ್ಯ ಎಂದು ನಾವೇ ಎರಡೆರಡು ಸಲ ಹೇಳಿಕೊಳ್ಳುವ ಮಾತುಗಳೂ ಇವೆ. ಕನ್ನಡದ ಒಳಗಿನಿಂದಲೇ ಬರೆಯಬಲ್ಲವನಿಗೆ ಇಲ್ಲಿ ಹಬ್ಬದೂಟ. ಶಬ್ದಕೋಶ ಹಿಡಿದು ಕುಳಿತವನಿಗೆ ಇದೇ ಕಬ್ಬಿಣದ ಕಡಲೆ. ಹಾಗಾಗಿ ಡಬ್ಬಿಂಗ್ ಬಂತೆಂದು ತೃಪ್ತಿಪಟ್ಟರೆ ಸಾಲದು. ಒಳ್ಳೆಯ ಕನ್ನಡದಲ್ಲಿ ಬರಲಿ ಎಂದು ಕೇಳುವವರೂ ಬೇಕು. ಹಾಗೆ ಕೇಳುವ ಹಕ್ಕು, ಚೀಟಿ ಕೊಂಡು ನೋಡಿದವರಿಗೆ ತಾನೇ ಇರುವುದು?

ನಮ್ಮಿಂದ ಆಗಬೇಕಾದ್ದ

ಚಿತ್ರಮಂದಿರದವರು ಲೆಕ್ಕ ನೋಡುವವರು. ಬೆರಳೆಣಿಕೆಯ ಜನ ಬರುವ ಆಟಕ್ಕೆ ಅವರು ಪರದೆ ಕೊಡುವುದಿಲ್ಲ. ಬೇಡಿಕೆಯಿಲ್ಲವೆಂದು ಅವರು ಕನ್ನಡದ ಪ್ರತಿ ತರಿಸುವುದಿಲ್ಲ. ಪ್ರತಿ ಇಲ್ಲವೆಂದು ನಾವು ಇನ್ನೊಂದು ಭಾಷೆಯಲ್ಲಿ ನೋಡುತ್ತೇವೆ. ಈ ಸುತ್ತು ಕಡಿಯಬೇಕಾದರೆ ಯಾರಾದರೊಬ್ಬರು ಬಾಯಿಬಿಟ್ಟು ಕೇಳಬೇಕು. ಹೊಸೂರಿನಲ್ಲಾಗಲಿ ಕಾಸರಗೋಡಿನಲ್ಲಾಗಲಿ, ಮಕ್ಕಳ ಚಿತ್ರವೊಂದು ಕನ್ನಡದಲ್ಲಿಯೂ ಬಂದಿದೆಯೆಂದು ತಿಳಿದಾಗ ನಾಲ್ಕಾರು ಮನೆಯವರು ಒಟ್ಟಾಗಿ ಹೋಗಿ ಒಂದು ಆಟಕ್ಕೆ ಕೇಳಿಕೊಂಡರೆ ತಪ್ಪೇನು? ಶಾಲೆಯ ರಕ್ಷಕ ಶಿಕ್ಷಕ ಸಂಘಗಳು ಮನಸ್ಸು ಮಾಡಿದರೆ ಒಂದು ಆಟದ ಆಸನ ತುಂಬಿಸುವುದು ಕಷ್ಟವಲ್ಲ.

ಮನೆಯಲ್ಲಿ ಆಗಬೇಕಾದ್ದು ಇನ್ನೂ ಸುಲಭ. ಟಿ.ವಿ.ಯಲ್ಲಿ ಭಾಷೆ ಬದಲಿಸುವ ಸೌಕರ್ಯವಿದ್ದರೆ ವಾರದಲ್ಲಿ ಕೆಲವು ದಿನವಾದರೂ ಅದನ್ನು ಕನ್ನಡಕ್ಕೆ ತಿರುಗಿಸಬಹುದು. ಕಪಾಟಿನ ಮೂಲೆಯಲ್ಲಿ ಹಳೆಯ ಬಾಲಮಂಗಳವೋ ಅಮರ ಚಿತ್ರ ಕಥೆಯೋ ಉಳಿದಿದ್ದರೆ ರದ್ದಿಗೆ ಹಾಕದೆ ಮಗುವಿನ ಕೈಗೆ ಕೊಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರ ನೋಡಿ ಬಂದ ಮಕ್ಕಳು ಮೈಲ್ಸ್ ಸರಿಯೋ ಮಿಗೆಲ್ ಸರಿಯೋ ಎಂದು ಕಚ್ಚಾಡುವಾಗ, "ಸಾಕು, ಓದಿಕೊಳ್ಳಿ" ಎಂದು ಗದರಿಸುವ ಬದಲು ನಾವೂ ಒಂದು ಪಕ್ಷ ಹಿಡಿದು ಕನ್ನಡದಲ್ಲಿ ವಾದಕ್ಕೆ ಕೂರಬಹುದು. ವಾಲಿಯ ಕಥೆಯನ್ನು ಅಜ್ಜನೋ ಅಜ್ಜಿಯೋ ನಡುವೆ ತಂದರೆ ಇನ್ನೂ ಒಳ್ಳೆಯದು. ಶಾಲೆಯ ಕನ್ನಡದಲ್ಲಿ ಅಂಕ ಬರುತ್ತದೆ. ಆದರೆ 'ಆದರೆ', 'ಹಾಗಲ್ಲ', 'ನೀನು ಹೇಳುವುದು ತಪ್ಪು, ಏಕೆಂದರೆ' ಎಂದು ಬಿಸಿಯಾಗಿ ಹೇಳುವ ಕನ್ನಡ ಬರುವುದು ಇಂಥ ಜಗಳಗಳಿಂದಲೇ.

ಜವಳಗಿರಿಯ ಕನ್ನಡದ ಮಗುವಿಗೆ ಆಯ್ದುಕೊಳ್ಳಲು ಕನ್ನಡದ ಜೇಡಮಾನವನೂ ಇದ್ದ, ತಮಿಳು, ತೆಲುಗುಗಳ ಜೇಡಮಾನವರೂ ಇದ್ದರು. ಎಲ್ಲರನ್ನೂ ಆ ಮಗು ನೋಡಲಿ, ಸಂತೋಷ. ನೋಡಿ ಬಂದ ಮೇಲೆ ಮನೆಯ ಜಗಲಿಯಲ್ಲಿ ತಮ್ಮನೊಡನೆ ಜಗಳಕ್ಕೆ ನಿಂತಾಗ ಅದರ ಬಾಯಿಗೆ ಮೊದಲು ಬರುವ ಮಾತು ಕನ್ನಡವಾಗಿರುವಂತೆ ನೋಡಿಕೊಳ್ಳುವುದು ಅಲ್ಲಿನ ತಾಯಿತಂದೆಯರ ಕೆಲಸ. ಇಲ್ಲಿ ಅದು ನಮ್ಮ ಕೆಲಸ.